ವಿದ್ಯಾರ್ಥಿಯಾದ ಧುರೀಣ
(ಡಾ. ಅಂಬೇಡಕರರ ವ್ಯಾಸಂಗಕಾಲ, 1913–1923)

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ಮಾತು. ಇವೆರಡರಿಂದಲೂ ಮನುಷ್ಯನಿಗೆ ತಿಳಿವಳಿಕೆ ಬರುವುದೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಆದರೆ ದೇಶವನ್ನು ಸುತ್ತಿ ಕೋಶವನ್ನು ಓದಿದವನಿಗೆ ಹತ್ತು ಜನರನ್ನು ಮುಂದೆ ನಿಂತು ನಡೆಸುವ ಶಕ್ತಿಯೂ ಬರುವುದೇ ಎಂಬ ವಿಷಯದಲ್ಲಿ ಲೋಕದ ಅಭಿಪ್ರಾಯವು ಒಂದೇ ಬಗೆಯಾಗಿಲ್ಲ. ಪಂಡಿತನು ಪುಸ್ತಕದ ಹುಳು, ಧುರೀಣನು ಜನರ ನಡುವಿನ ಮನುಷ್ಯ, ಒಬ್ಬನು ಇನ್ನೊಬ್ಬನಾಗಲಾರನು ಎಂದು ಹೇಳುವವರೇ ಹೆಚ್ಚು. ಪದವಿಯ ಮೇಲೆ ಪದವಿಗಾಗಿ ವರ್ಷಗಳನ್ನು ಸವೆಸುವ ತರುಣನನ್ನು ಕಂಡು, ಇವನು ದೇಶಕ್ಕಾಗಿ ದುಡಿಯಬೇಕಾದ ಹೊತ್ತನ್ನು ಸ್ವಂತಕ್ಕೆ ಕಳೆಯುತ್ತಿರುವನೆಂದು ಮರುಗುವವರೂ ಉಂಟು. ಈ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ತರ್ಕದಿಂದ ನಿರ್ಣಯಿಸುವುದಕ್ಕಿಂತ ಚರಿತ್ರೆಯ ಒಂದು ಉದಾಹರಣೆಯಿಂದ ಪರೀಕ್ಷಿಸುವುದು ಲೇಸು.

1920ನೆಯ ಇಸವಿಯ ಮಾರ್ಚ್ ತಿಂಗಳಿನಲ್ಲಿ ಕೊಲ್ಹಾಪುರ ಸಂಸ್ಥಾನದ ಮಾಣಗಾಂವ ಎಂಬ ಊರಿನಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಪರಿಷತ್ತೊಂದು ನೆರೆಯಿತು. ಶಾಹು ಮಹಾರಾಜರು ತಾವೇ ಅಲ್ಲಿಗೆ ಬಂದು, ನೆರೆದ ಜನರಿಗೆ ಅವರೊಳಗಿಂದಲೇ ಒಬ್ಬ ಧುರೀಣನು ದೊರೆತನೆಂದು ಸಾರಿದರು. ಆ ಧುರೀಣನೆಂದರೆ ಇಪ್ಪತ್ತೊಂಬತ್ತನೆಯ ವಯಸ್ಸನ್ನು ಇನ್ನೂ ಮುಟ್ಟದಿದ್ದ ಭೀಮರಾವ್ ರಾಮಜಿ ಅಂಬೇಡಕರ. ಒಂದು ಸಮಾಜವು ಒಬ್ಬ ತರುಣನಿಗೆ ಇದಕ್ಕಿಂತ ಹೆಚ್ಚಿನ ಮನ್ನಣೆಯನ್ನು ಕೊಡಲಾರದು. ಆದರೆ ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ, ಜುಲೈ ತಿಂಗಳಿನಲ್ಲಿ, ಆ ಧುರೀಣನು ಮುಂಬಯಿಯ ಬಂದರಿನಲ್ಲಿ ಹಡಗನ್ನೇರಿ ಲಂಡನ್ನಿಗೆ ಹೊರಟನು. ಅಲ್ಲಿ ಅರ್ಥಶಾಸ್ತ್ರದ ಶಾಲೆಯ ಬೆಂಚಿನ ಮೇಲೆ ಮರಳಿ ವಿದ್ಯಾರ್ಥಿಯಾಗಿ ಕುಳಿತನು. ಜನರು ಕೈಚಾಚಿ ಕರೆಯುತ್ತಿರುವಾಗ ಪುಸ್ತಕಗಳ ಕಡೆಗೆ ತಿರುಗಿದ ಈ ನಡೆಯು ಮೇಲುನೋಟಕ್ಕೆ ವಿಚಿತ್ರವಾಗಿ ತೋರುತ್ತದೆ. ಅದರ ಅರ್ಥವನ್ನು ತಿಳಿಯಬೇಕಾದರೆ ಹಿಂದಿನ ಏಳು ವರ್ಷಗಳ ಕಥೆಯನ್ನು ಮೊದಲು ನೋಡಬೇಕು.

ಅಂಬೇಡಕರರು ಹುಟ್ಟಿದುದು 1891ನೆಯ ಏಪ್ರಿಲ್ 14ರಂದು, ಮಧ್ಯಭಾರತದ ಮಹೂ ಎಂಬ ದಂಡಿನ ಊರಿನಲ್ಲಿ. ತಂದೆ ರಾಮಜಿ ಸಕಪಾಲರು ಸೈನ್ಯದಲ್ಲಿ ಸುಭೇದಾರರು. ಮಗನ ಓದಿಗಾಗಿ ಯಾವ ಕಷ್ಟಕ್ಕೂ ಹಿಂದೆಗೆಯದವರು. ಮುಂಬಯಿಯ ಎಲ್ಫಿನ್‌ಸ್ಟನ್ ಹೈಸ್ಕೂಲಿನಿಂದ 1907ರಲ್ಲಿ ಮೆಟ್ರಿಕ್ ಪರೀಕ್ಷೆಯಲ್ಲಿ ತೇರ್ಗಡೆಯಾದ ಹುಡುಗನಿಗೆ ಬಡೋದೆಯ ಸಯಾಜಿರಾವ್ ಗಾಯಕವಾಡ ಮಹಾರಾಜರು ತಿಂಗಳಿಗೆ 25 ರೂಪಾಯಿಯ ವಿದ್ಯಾರ್ಥಿವೇತನವನ್ನು ಕೊಟ್ಟರು. ಅದರ ಬಲದಿಂದ 1912ರಲ್ಲಿ ಬಿ.ಎ. ಪರೀಕ್ಷೆಯಾಯಿತು. 1913ರ ಫೆಬ್ರವರಿಯಲ್ಲಿ ತಂದೆ ತೀರಿಕೊಂಡರು. ಅದೇ ವರ್ಷದ ಜೂನ್ ತಿಂಗಳಿನಲ್ಲಿ ಬಡೋದೆಯ ಸಂಸ್ಥಾನದೊಡನೆ ಒಂದು ಕರಾರಾಯಿತು. ಮೂರು ವರ್ಷ ತಿಂಗಳಿಗೆ 11 ಪೌಂಡು 10 ಶಿಲ್ಲಿಂಗಿನಂತೆ ಸಂಸ್ಥಾನವು ಕೊಡತಕ್ಕದ್ದು. ವ್ಯಾಸಂಗವನ್ನು ಮುಗಿಸಿ ಬಂದ ವಿದ್ಯಾರ್ಥಿಯು ಹತ್ತು ವರ್ಷ ಸಂಸ್ಥಾನದ ನೌಕರಿಯನ್ನು ಮಾಡತಕ್ಕದ್ದು. ಹೀಗೆ ಋಣದ ಕಾಗದಕ್ಕೆ ರುಜು ಹಾಕಿ, ತರುಣನು ಜುಲೈ ತಿಂಗಳಿನಲ್ಲಿ ನ್ಯೂಯಾರ್ಕಿನಲ್ಲಿ ಇಳಿದನು.

ಅಲ್ಲಿಯ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅವರು ಕಳೆದ ಮೂರು ವರ್ಷಗಳು ಎರಡು ರೀತಿಯಿಂದ ಮುಖ್ಯವಾದುವು. ಮೊದಲನೆಯದು ನಿತ್ಯಜೀವನದ ಅನುಭವ. ಊಟದ ಮೇಜಿನಲ್ಲಿ, ವಸತಿಗೃಹದಲ್ಲಿ, ಪಾಠದ ಕೋಣೆಯಲ್ಲಿ ಯಾರೂ ತಮ್ಮ ಜಾತಿಯನ್ನು ಕೇಳದ ಬಾಳುವೆಯನ್ನು ಅವರು ಕಂಡುದು ಅಲ್ಲಿಯೇ. ಲಿವಿಂಗ್‌ಸ್ಟನ್ ಹಾಲ್ ಎಂಬ ವಸತಿಗೃಹದಲ್ಲಿ ನವಲ ಭಾಥೇನಾ ಎಂಬ ಪಾರಸಿ ತರುಣನ ಸ್ನೇಹವಾಯಿತು. ಅದು ಜೀವಮಾನದ ಸ್ನೇಹವಾಗಿ ಉಳಿಯಿತು. ಸಮಾನತೆಯು ಗ್ರಂಥಗಳಲ್ಲಿಯ ಆದರ್ಶ ಮಾತ್ರವಲ್ಲ, ಮನುಷ್ಯರು ನಿಜವಾಗಿ ಬದುಕಬಹುದಾದ ಒಂದು ರೀತಿ ಎಂಬುದು ಉಪದೇಶದಿಂದಲ್ಲ, ದಿನದಿನದ ರೂಢಿಯಿಂದ ಮನಸ್ಸಿನಲ್ಲಿ ನಿಂತಿತು. ನ್ಯೂಯಾರ್ಕಿಗೆ ಬಂದ ಕೆಲವೇ ವಾರಗಳಲ್ಲಿ ತಂದೆಯ ಸ್ನೇಹಿತರೊಬ್ಬರಿಗೆ ಬರೆದ ಪತ್ರದಲ್ಲಿ, ಮಕ್ಕಳ ಭವಿಷ್ಯವು ಹಣೆಯ ಬರಹವಲ್ಲ, ತಾಯಿತಂದೆಗಳು ಅದನ್ನು ರೂಪಿಸಬಲ್ಲರೆಂದೂ, ಗಂಡುಮಕ್ಕಳ ಜೊತೆಯಲ್ಲಿಯೇ ಹೆಣ್ಣುಮಕ್ಕಳಿಗೂ ವಿದ್ಯೆ ಕೊಟ್ಟರೆ ಸಮಾಜದ ಏಳಿಗೆಯು ಬಹು ಬೇಗ ಆಗುವುದೆಂದೂ ಅವರು ತಿಳಿಸಿದ್ದಾರೆ. ಇಪ್ಪತ್ತೆರಡು ವರ್ಷದ ವಿದ್ಯಾರ್ಥಿಯು ಆಗಲೇ ಹಿರಿಯರಿಗೆ ದಾರಿ ಹೇಳುವ ಹೊಣೆಯನ್ನು ಹೊತ್ತುಕೊಂಡಿದ್ದನು.

ಎರಡನೆಯದು ವ್ಯಾಸಂಗದ ವಿಸ್ತಾರ. ಅವರು ಆರಿಸಿಕೊಂಡ ಪಾಠಕ್ರಮಗಳ ಲೆಕ್ಕವು ವಿಶ್ವವಿದ್ಯಾಲಯದ ದಾಖಲೆಗಳಿಂದ ತಿಳಿದುಬಂದಿದೆ: ಅರ್ಥಶಾಸ್ತ್ರದಲ್ಲಿ 29, ಇತಿಹಾಸದಲ್ಲಿ 11, ಸಮಾಜಶಾಸ್ತ್ರದಲ್ಲಿ 6, ತತ್ತ್ವಶಾಸ್ತ್ರದಲ್ಲಿ 5, ಮಾನವಶಾಸ್ತ್ರದಲ್ಲಿ 4, ರಾಜ್ಯಶಾಸ್ತ್ರದಲ್ಲಿ 3, ಫ್ರೆಂಚ್ ಮತ್ತು ಜರ್ಮನ್ ಭಾಷೆಗಳಲ್ಲಿ ಒಂದೊಂದು. ಪದವಿಗೆ ಬೇಕಾದುದಕ್ಕಿಂತ ಇದು ಬಹಳ ಹೆಚ್ಚು. ಪರೀಕ್ಷೆಯೊಂದೇ ಗುರಿಯಾಗಿದ್ದವನು ಹೀಗೆ ಓದುವುದಿಲ್ಲ. ಮುಂದೆ ಯಾವ ಪ್ರಶ್ನೆಗೆ ಯಾವ ಶಾಸ್ತ್ರವು ಬೇಕಾಗುವುದೋ ಎಂದು ಎಣಿಸಿದವನು ಮಾತ್ರ ಓದಿಯಾನು. ರಾಜಸ್ವಶಾಸ್ತ್ರದಲ್ಲಿ ಪ್ರಖ್ಯಾತರಾದ ಸೆಲಿಗ್ಮನ್, ಇತಿಹಾಸಕಾರರಾದ ರಾಬಿನ್‌ಸನ್ ಮತ್ತು ಶಾಟ್ವೆಲ್, ತತ್ತ್ವಜ್ಞರಾದ ಜಾನ್ ಡ್ಯೂಯಿ ಇವರು ಅವರ ಗುರುಗಳು. ಇವರೊಳಗೆ ಡ್ಯೂಯಿಯವರ ಪ್ರಭಾವವು ಅತಿ ಆಳವಾದುದು. ಪ್ರಜಾಪ್ರಭುತ್ವವೆಂದರೆ ಸರಕಾರದ ಒಂದು ಪದ್ಧತಿ ಮಾತ್ರವಲ್ಲ, ಜನರು ಒಬ್ಬರ ಅನುಭವವನ್ನು ಇನ್ನೊಬ್ಬರೊಡನೆ ಹಂಚಿಕೊಂಡು ಕೂಡಿ ಬಾಳುವ ರೀತಿ ಎಂಬುದು ಆ ಗುರುವಿನ ಬೋಧನೆಯ ಸಾರ. ಅದು ಶಿಷ್ಯನ ಬರವಣಿಗೆಗಳಲ್ಲಿ ಕೊನೆಯವರೆಗೂ ಎದ್ದು ಕಾಣುತ್ತದೆ.

ಆ ಕಾಲದಲ್ಲಿ ಲಾಲಾ ಲಜಪತರಾಯರು ಅಮೇರಿಕದಲ್ಲಿದ್ದರು. ಅಲ್ಲಿಯ ಭಾರತೀಯ ವಿದ್ಯಾರ್ಥಿಗಳನ್ನು ರಾಜಕಾರಣಕ್ಕೆ ಸೆಳೆಯಲು ಯತ್ನಿಸುತ್ತಿದ್ದ ಅವರು ಅಂಬೇಡಕರರನ್ನೂ ಕರೆದರೆಂದು ಜೀವನಚರಿತ್ರಕಾರರು ಬರೆದಿದ್ದಾರೆ. ವಿದ್ಯಾರ್ಥಿಯ ಉತ್ತರವು ವಿನಯದಿಂದ ಕೂಡಿದ ನಿರಾಕರಣೆ: ಕೊಟ್ಟ ಮಾತಿನಂತೆ ಮೊದಲು ವ್ಯಾಸಂಗ, ಆಮೇಲೆ ಉಳಿದುದೆಲ್ಲ. ಪ್ರಸಿದ್ಧ ಪುರುಷರ ಕರೆಗೆ ಒಡನೆ ಓಗೊಡುವುದು ತರುಣರಿಗೆ ಸಹಜ. ತನ್ನ ಕೆಲಸದ ಹೊತ್ತು ಇನ್ನೂ ಬಂದಿಲ್ಲವೆಂದು ತಿಳಿದು ನಿಲ್ಲುವುದು ಕಷ್ಟ. ಮುಂದಾಳಿಗೆ ಬೇಕಾದ ಗುಣಗಳಲ್ಲಿ ಹೊತ್ತನ್ನು ಅರಿಯುವುದೂ ಒಂದಾದರೆ, ಅದರ ಮೊದಲ ಅಭ್ಯಾಸವು ಇಲ್ಲಿ ಕಾಣುತ್ತದೆ.

1915ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಮತ್ತು ಹಣಕಾಸಿನ ಮೇಲೆ ಬರೆದ ಪ್ರಬಂಧದೊಡನೆ ಎಂ.ಎ. ಪದವಿಯಾಯಿತು. ಮರುವರ್ಷ ಮೇ 9ರಂದು ಗೋಲ್ಡನ್‌ವೈಸರ್ ಎಂಬ ಮಾನವಶಾಸ್ತ್ರಜ್ಞರ ವಿಚಾರಗೋಷ್ಠಿಯಲ್ಲಿ ಅಂಬೇಡಕರರು ಭಾರತದ ಜಾತಿಗಳನ್ನು ಕುರಿತು ಒಂದು ಲೇಖನವನ್ನು ಓದಿದರು. ಅದು 1917ರಲ್ಲಿ ಇಂಡಿಯನ್ ಆಂಟಿಕ್ವೆರಿ ಎಂಬ ಪತ್ರಿಕೆಯಲ್ಲಿ ಅಚ್ಚಾಯಿತು. ಈ ಲೇಖನವು ಅವರ ಮನಸ್ಸಿನ ಶಿಕ್ಷಣವು ಎಲ್ಲಿಯವರೆಗೆ ಬಂದಿತ್ತೆಂಬುದನ್ನು ತೋರಿಸುವ ಕನ್ನಡಿಯಾಗಿದೆ. ಜಾತಿಯ ಮೂಲವೇನು? ಬಣ್ಣವೆಂದು ಕೆಲವರು, ಕಸುಬೆಂದು ಕೆಲವರು, ಶಾಸ್ತ್ರಕಾರರ ಆಜ್ಞೆಯೆಂದು ಕೆಲವರು ಹೇಳುತ್ತಿದ್ದರು. ಸೆನಾರ್, ನೆಸ್‌ಫೀಲ್ಡ್, ರಿಸ್ಲೆ, ಕೇತಕರ ಎಂಬ ನಾಲ್ವರು ಪಂಡಿತರ ವ್ಯಾಖ್ಯೆಗಳನ್ನು ಒಂದೊಂದಾಗಿ ಎತ್ತಿಕೊಂಡು ಒರೆಗೆ ಹಚ್ಚಿ, ತನ್ನ ಗುಂಪಿನೊಳಗೇ ಮದುವೆಯಾಗಬೇಕೆಂಬ ಕಟ್ಟಳೆಯೇ ಜಾತಿಯ ಜೀವಾಳವೆಂದು ಅಂಬೇಡಕರರು ಸಾಧಿಸಿದರು. ಸಹಗಮನ, ವಿಧವೆಯರಿಗೆ ಮರುಮದುವೆಯ ನಿಷೇಧ, ಬಾಲ್ಯವಿವಾಹ ಇವೆಲ್ಲ ಆ ಕಟ್ಟಳೆಯನ್ನು ಕಾಪಾಡಿಕೊಳ್ಳುವ ಉಪಾಯಗಳಾಗಿ ಬೆಳೆದುವೆಂದೂ, ಒಂದು ಗುಂಪು ಬಾಗಿಲನ್ನು ಮುಚ್ಚಿಕೊಂಡಾಗ ಉಳಿದವರು ಅದನ್ನೇ ಅನುಕರಿಸಿದರೆಂದೂ ತೋರಿಸಿದರು.

ಇಲ್ಲಿ ಗಮನಿಸತಕ್ಕ ಸಂಗತಿಯು ಒಂದುಂಟು. ಬರೆದವನು ಆ ವ್ಯವಸ್ಥೆಯ ಅತಿ ಕಠಿಣವಾದ ಪೆಟ್ಟನ್ನು ತಿಂದವನು. ಶಾಲೆಯಲ್ಲಿ ಬೇರೆಯಾಗಿ ಗೋಣಿಯ ಮೇಲೆ ಕುಳಿತವನು. ಬಾಯಾರಿದಾಗ ನೀರನ್ನು ಮೇಲಿನಿಂದ ಹೊಯ್ಯುವವರಿಗಾಗಿ ಕಾದವನು. ಆದರೂ ಲೇಖನದಲ್ಲಿ ಸ್ವಂತದ ಗೋಳು ಒಂದು ಸಾಲಿಲ್ಲ. ತನ್ನ ಸಿದ್ಧಾಂತವೇ ಕೊನೆಯ ಮಾತಲ್ಲ, ಬೇರೆಯದು ಸರಿಯೆಂದು ಯಾರಾದರೂ ತೋರಿಸಿದರೆ ಇದನ್ನು ಬಿಡುವುದಕ್ಕೆ ಸಿದ್ಧ ಎಂಬ ಭಾವದಿಂದ ಅದು ಮುಗಿಯುತ್ತದೆ. ನೋವನ್ನು ಅದುಮಿಟ್ಟುದು ಇದಲ್ಲ. ನೋವಿಗೆ ಕಾರಣವಾದ ಯಂತ್ರವನ್ನು ಬಿಚ್ಚಿ ಅದರ ಗಾಲಿಗಳನ್ನು ಎಣಿಸುವ ತಾಳ್ಮೆ. ಕೋಪಗೊಂಡ ಧುರೀಣನು ಜನರನ್ನು ಒಂದು ದಿನ ಕೆರಳಿಸಬಲ್ಲನು. ರೋಗದ ನಿದಾನವನ್ನು ತಿಳಿದವನು ಮಾತ್ರ ಅವರನ್ನು ಮೂವತ್ತು ವರ್ಷ ನಡೆಸಬಲ್ಲನು. ಆ ನಿದಾನವು ವಿಚಾರಗೋಷ್ಠಿಯಲ್ಲಿ, ತಪ್ಪು ಹುಡುಕುವುದಕ್ಕಾಗಿಯೇ ಕುಳಿತ ಗುರುಗಳ ಮತ್ತು ಸಹಪಾಠಿಗಳ ಎದುರಿಗೆ ಕಲಿತ ವಿದ್ಯೆ.

ಡಾಕ್ಟರ್ ಪದವಿಗಾಗಿ ಒಂದು ಮಹಾಪ್ರಬಂಧವನ್ನು ಸಿದ್ಧಪಡಿಸಿ, 1916ರಲ್ಲಿ ಅಂಬೇಡಕರರು ಲಂಡನ್ನಿಗೆ ಬಂದು ಗ್ರೇಸ್ ಇನ್ ಎಂಬ ನ್ಯಾಯವಾದಿಗಳ ಸಂಸ್ಥೆಯನ್ನೂ ಅರ್ಥಶಾಸ್ತ್ರದ ಶಾಲೆಯನ್ನೂ ಸೇರಿದರು. ಅಷ್ಟರಲ್ಲಿ ವಿದ್ಯಾರ್ಥಿವೇತನದ ಅವಧಿಯು ತೀರಿತು. ನಾಲ್ಕು ವರ್ಷಗಳೊಳಗಾಗಿ ಮರಳಿ ಬಂದು ವ್ಯಾಸಂಗವನ್ನು ಮುಂದುವರಿಸಬಹುದೆಂಬ ಅನುಮತಿಯನ್ನು ಪಡೆದು, 1917ರ ಆಗಸ್ಟಿನಲ್ಲಿ ಅವರು ಮುಂಬಯಿಗೆ ಹಿಂದಿರುಗಿದರು. ಮೊದಲನೆಯ ಮಹಾಯುದ್ಧದ ಕಾಲ ಅದು. ಅವರ ಸಾಮಾನುಗಳನ್ನು ಹೇರಿಕೊಂಡು ಬರುತ್ತಿದ್ದ ಹಡಗು ಶತ್ರುಗಳ ಏಟಿಗೆ ಸಿಕ್ಕಿ ಮುಳುಗಿತು. ಹೊಟ್ಟೆಯನ್ನು ಕಟ್ಟಿ ಕೊಂಡ ಪುಸ್ತಕಗಳು ಹೋದುವು; ಅವುಗಳೊಡನೆ ಮಹಾಪ್ರಬಂಧದ ಹಸ್ತಪ್ರತಿಯೂ ಹೋಯಿತು. 1922ರಲ್ಲಿ ಸೆಲಿಗ್ಮನ್ನರಿಗೆ ಬರೆದ ಪತ್ರದಲ್ಲಿ ಈ ನಷ್ಟವನ್ನು ಅವರು ಒಂದೇ ವಾಕ್ಯದಲ್ಲಿ ಹೇಳಿ, ಹೊಸ ಪ್ರಬಂಧವನ್ನು ಬರೆದಿರುವುದಾಗಿ ತಿಳಿಸಿದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಒಡೆದ ಮಡಕೆಗಾಗಿ ಅಳದೆ ಮತ್ತೆ ತಿಗರಿಯ ಮುಂದೆ ಕೂಡುವ ಕುಂಬಾರರು ವಿರಳ.

ಸಮುದ್ರದಲ್ಲಿ ಆದ ನಷ್ಟಕ್ಕಿಂತ ನೆಲದ ಮೇಲೆ ಕಾದಿದ್ದ ಪೆಟ್ಟು ಇನ್ನೂ ದೊಡ್ಡದು. ಕರಾರಿನಂತೆ ನೌಕರಿಗಾಗಿ ಅಂಬೇಡಕರರು ಬಡೋದೆಗೆ ಹೋದರು. ಎರಡು ಖಂಡಗಳ ವಿಶ್ವವಿದ್ಯಾಲಯಗಳಲ್ಲಿ ಓದಿ ಬಂದ ಈ ಅಧಿಕಾರಿಗೆ ಆ ಪಟ್ಟಣದಲ್ಲಿ ತಲೆಯಿಡಲು ಒಂದು ಕೋಣೆ ದೊರೆಯಲಿಲ್ಲ. ಕೊನೆಗೆ ಒಂದು ಪಾರಸಿ ಛತ್ರದಲ್ಲಿ ಬೇರೆ ಹೆಸರಿನಿಂದ ಇಳಿದುಕೊಳ್ಳಬೇಕಾಯಿತು. ಹಳೆಯ ಸಾಮಾನುಗಳಿಂದ ತುಂಬಿದ ಕತ್ತಲೆಯ ಮಾಳಿಗೆಯಲ್ಲಿ ಒಬ್ಬರೇ ಕುಳಿತು ಓದುತ್ತ ಅವರು ರಾತ್ರಿಗಳನ್ನು ಕಳೆದರು. ಹನ್ನೊಂದನೆಯ ದಿನ ಬೆಳಗ್ಗೆ ದೊಣ್ಣೆಗಳನ್ನು ಹಿಡಿದ ಹತ್ತು ಹನ್ನೆರಡು ಜನರು ಬಂದು, ಛತ್ರವನ್ನು ಮೈಲಿಗೆ ಮಾಡಿದೆಯೆಂದು ಗದರಿಸಿ, ಸಂಜೆಯೊಳಗೆ ಹೊರಬೀಳಬೇಕೆಂದು ಹೇಳಿದರು. ಪರಿಚಯದ ಇಬ್ಬರು ಮಿತ್ರರನ್ನು, ಒಬ್ಬ ಹಿಂದುವನ್ನೂ ಒಬ್ಬ ಕ್ರಿಸ್ತೀಯನನ್ನೂ, ಆಶ್ರಯ ಕೇಳಿದರು. ಇಬ್ಬರೂ ಒಂದೊಂದು ಕಾರಣ ಹೇಳಿ ತಪ್ಪಿಸಿಕೊಂಡರು. ರೈಲಿನ ಹೊತ್ತಾಗುವವರೆಗೆ ಊರಿನ ಸಾರ್ವಜನಿಕ ಉದ್ಯಾನದಲ್ಲಿ ಕುಳಿತಿದ್ದು, ರಾತ್ರಿ ಅವರು ಮುಂಬಯಿಗೆ ಹೊರಟರು. ಈ ಪ್ರಸಂಗವನ್ನು ಅನೇಕ ವರ್ಷಗಳ ಮೇಲೆ ಅವರೇ ಬರೆದಿಟ್ಟಿದ್ದಾರೆ.

ಉನ್ನತ ವ್ಯಾಸಂಗದಿಂದ ಮನುಷ್ಯನ ಯೋಗ್ಯತೆಯು ಹೆಚ್ಚುವುದೆಂಬ ಮಾತಿಗೆ ಈ ಒಂದು ದಿನವು ದೊಡ್ಡ ಪರೀಕ್ಷೆಯಾಗಿದೆ. ಯೋಗ್ಯತೆ ಹೆಚ್ಚಿದ್ದುದು ನಿಜ. ಆದರೆ ಅದನ್ನು ಕಾಣುವ ಕಣ್ಣು ಸಮಾಜಕ್ಕಿರಲಿಲ್ಲ. ಒಬ್ಬನು ಎಷ್ಟು ಎತ್ತರಕ್ಕೆ ಏರಿದರೂ ಅವನ ಜನರು ಕೆಳಗೇ ಉಳಿದರೆ ಆ ಏರಿಕೆಯಿಂದ ಪ್ರಯೋಜನವಿಲ್ಲ, ಅವನೂ ಅಲ್ಲಿ ನಿಲ್ಲಲಾರನು ಎಂಬ ಪಾಠವನ್ನು ಯಾವ ವಿಶ್ವವಿದ್ಯಾಲಯವೂ ಕಲಿಸಿರಲಿಲ್ಲ. ಇಲ್ಲಿಂದ ಮುಂದೆ ಅವರ ವ್ಯಾಸಂಗದ ಅರ್ಥವೇ ಬೇರೆಯಾಯಿತು. ಅದುವರೆಗೆ ಪದವಿಯು ತನ್ನ ಯೋಗ್ಯತೆಯ ಪ್ರಮಾಣಪತ್ರವಾಗಿದ್ದರೆ, ಇನ್ನು ಮೇಲೆ ಅದು ಮೂಕರ ಪರವಾಗಿ ಮಾತನಾಡುವವನ ಆಯುಧವಾಯಿತು.

1918ರ ನವೆಂಬರಿನಲ್ಲಿ ಅವರು ಮುಂಬಯಿಯ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಅಧ್ಯಾಪಕರಾದರು. ಪರಳದ ಚಾಳಿನ ಎರಡು ಕೋಣೆಗಳಲ್ಲಿ ಬಿಡಾರ. ಅಧ್ಯಾಪಕರಿಗಾಗಿ ಇಟ್ಟ ನೀರಿನ ಪಾತ್ರೆಯನ್ನು ಅವರು ಮುಟ್ಟಬಾರದೆಂದು ಕೆಲವು ಸಹೋದ್ಯೋಗಿಗಳು ಆಕ್ಷೇಪಿಸಿದರು. ಆದರೆ ಅವರ ಪಾಠವನ್ನು ಕೇಳಲು ಬೇರೆ ಕಾಲೇಜುಗಳ ವಿದ್ಯಾರ್ಥಿಗಳೂ ಬರುತ್ತಿದ್ದರು. 1919ರ ಜನವರಿಯಲ್ಲಿ ಮತಾಧಿಕಾರದ ವಿಚಾರಣೆಗಾಗಿ ಬಂದ ಸೌತ್‌ಬರೋ ಸಮಿತಿಯ ಮುಂದೆ ಅವರು ಸಾಕ್ಷ್ಯ ಕೊಟ್ಟರು. ಆ ಹೇಳಿಕೆಯಲ್ಲಿ ಸಮಾಜದ ಗುಂಪುಗಳ ನಡುವೆ ವಿಚಾರಗಳು ಒಂದರಿಂದ ಇನ್ನೊಂದಕ್ಕೆ ಒಸರಬೇಕೆಂಬ ಅರ್ಥದ ಒಂದು ಪಾರಿಭಾಷಿಕ ಶಬ್ದವು ಬರುತ್ತದೆ. ಅದು ಡ್ಯೂಯಿಯವರಿಂದ ಬಂದುದು. ನ್ಯೂಯಾರ್ಕಿನಲ್ಲಿ ತತ್ತ್ವಶಾಸ್ತ್ರವಾಗಿ ಕೇಳಿದುದು ಮುಂಬಯಿಯಲ್ಲಿ ಮತದಾನದ ಹಕ್ಕಿನ ವಾದವಾಯಿತು. 1920ರ ಜನವರಿ 31ರಂದು ಶಾಹು ಮಹಾರಾಜರ ಸಹಾಯದಿಂದ 'ಮೂಕನಾಯಕ' ಎಂಬ ಮರಾಠಿ ಪಕ್ಷಪತ್ರಿಕೆಯು ಹೊರಟಿತು. ಹಿಂದೂ ಸಮಾಜವು ಏಣಿಯಿಲ್ಲದ, ಬಾಗಿಲಿಲ್ಲದ, ಹಲವು ಮಾಳಿಗೆಗಳ ಗೋಪುರದಂತಿದೆ, ಹುಟ್ಟಿದ ಮಾಳಿಗೆಯಲ್ಲಿಯೇ ಸಾಯಬೇಕು ಎಂಬ ಹೋಲಿಕೆಯು ಅದರ ಮೊದಲನೆಯ ಸಂಚಿಕೆಯಲ್ಲಿಯದು. ಎರಡು ತಿಂಗಳಾಗುವಷ್ಟರಲ್ಲಿ ಮಾಣಗಾಂವ ಪರಿಷತ್ತು ಕೂಡಿತು.

ಆ ಬಳಿಕ ಜುಲೈ ತಿಂಗಳ ಪ್ರಯಾಣ. ಸಂಬಳದಲ್ಲಿ ಉಳಿಸಿದ ಹಣ, ಶಾಹು ಮಹಾರಾಜರ ನೆರವು, ಮಿತ್ರ ಭಾಥೇನಾ ಕೊಟ್ಟ 5000 ರೂಪಾಯಿಯ ಸಾಲ, ಇಷ್ಟೇ ಬುತ್ತಿ. ಲಂಡನ್ನಿನ ಜೀವನವು ತಪಸ್ಸಿನಂತಿತ್ತು. ಬೆಳಗಿನಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಗ್ರಂಥಭಾಂಡಾರದ ಬಾಗಿಲು ತೆರೆಯುವ ಮೊದಲೇ ಅಲ್ಲಿ ನಿಂತಿದ್ದು, ಸಂಜೆ ಕಾವಲುಗಾರರು ಎಬ್ಬಿಸುವವರೆಗೆ ಓದುವುದು. ಮಧ್ಯಾಹ್ನದ ಊಟವನ್ನು ಬಿಡುವುದು. ರಾತ್ರಿ ಕೋಣೆಗೆ ಬಂದು ಮತ್ತೆ ಓದುವುದು. ಅವರು ಆಗ ವಾಸವಾಗಿದ್ದ ಕಿಂಗ್ ಹೆನ್ರಿ ರಸ್ತೆಯ 10ನೆಯ ನಂಬರಿನ ಮನೆಯನ್ನು 2015ರಲ್ಲಿ ಮಹಾರಾಷ್ಟ್ರ ಸರಕಾರವು ಕೊಂಡು ಸ್ಮಾರಕವನ್ನಾಗಿ ಮಾಡಿತು. 1921ರಲ್ಲಿ ಎಂ.ಎಸ್ಸಿ. ಪದವಿಯೂ 1922ರಲ್ಲಿ ಬ್ಯಾರಿಸ್ಟರ್ ಪದವಿಯೂ ದೊರೆತುವು. ರೂಪಾಯಿಯ ಸಮಸ್ಯೆಯನ್ನು ಕುರಿತ ಮಹಾಪ್ರಬಂಧವು ಡಿ.ಎಸ್ಸಿ. ಪದವಿಗಾಗಿ ಒಪ್ಪಿಸಲ್ಪಟ್ಟಿತು.

ಈ ಪ್ರಬಂಧದಲ್ಲಿ ಅಂಬೇಡಕರರು ಎದುರಿಸಿದುದು ಸಾಮಾನ್ಯರನ್ನಲ್ಲ. ಭಾರತದ ನಾಣ್ಯಪದ್ಧತಿಯನ್ನು ಸಮರ್ಥಿಸಿ 1913ರಲ್ಲಿ ಗ್ರಂಥ ಬರೆದಿದ್ದ ಕೇನ್ಸ್‌ರವರನ್ನು ಎದುರಾಳಿಯಾಗಿ ಇಟ್ಟುಕೊಂಡು, ಸರಕಾರವು ತನ್ನ ಇಚ್ಛೆಯಂತೆ ರೂಪಾಯಿಗಳನ್ನು ಹೆಚ್ಚಿಸಬಲ್ಲ ಪದ್ಧತಿಯಿಂದ ಬೆಲೆಗಳ ಸ್ಥಿರತೆಯು ಕೆಡುವುದೆಂದೂ, ಅದರ ಹಾನಿಯು ಬಡವರ ಮೇಲೆ ಬೀಳುವುದೆಂದೂ ವಾದಿಸಿದರು. ಪರೀಕ್ಷಕರಿಗೆ ಬರವಣಿಗೆಯ ತೀಕ್ಷ್ಣತೆಯು ಹಿಡಿಸಲಿಲ್ಲ; ತಿದ್ದಿ ಬರೆಯಬೇಕೆಂದು ಸೂಚನೆಯಾಯಿತು. ಕೈಯಲ್ಲಿಯ ಹಣ ತೀರಿದ್ದಿತು. 1923ರ ಏಪ್ರಿಲಿನಲ್ಲಿ ಅವರು ಮುಂಬಯಿಗೆ ಬಂದು, ನಿರ್ಣಯಗಳನ್ನು ಬದಲಿಸದೆ ಮಾತುಗಳನ್ನು ಮಾತ್ರ ತಿದ್ದಿ, ಪ್ರಬಂಧವನ್ನು ಮತ್ತೆ ಕಳುಹಿದರು. ಅದೇ ವರ್ಷ ಅದು ಅಂಗೀಕೃತವಾಗಿ, ಅವರ ಗುರು ಎಡ್ವಿನ್ ಕ್ಯಾನನರ ಮುನ್ನುಡಿಯೊಡನೆ ಗ್ರಂಥರೂಪವಾಗಿ ಹೊರಬಂದಿತು. ಕೆಲವು ಅಂಶಗಳಲ್ಲಿ ಶಿಷ್ಯನೊಡನೆ ತಮಗೆ ಸಮ್ಮತಿಯಿಲ್ಲವೆಂದು ಗುರುಗಳು ಆ ಮುನ್ನುಡಿಯಲ್ಲಿಯೇ ಹೇಳಿ, ಅವನ ವಾದದ ಹೊಸತನವನ್ನು ಮೆಚ್ಚಿಕೊಂಡಿದ್ದಾರೆ. ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬಾರದು ಎಂಬ ವಿವೇಕವು ಸಂಧಾನದ ಮೇಜಿಗೆ ಬರುವ ಎಷ್ಟೋ ವರ್ಷಗಳ ಮೊದಲೇ ಪರೀಕ್ಷಕರ ಮುಂದೆ ಅಭ್ಯಾಸವಾಯಿತು.

ಈ ಸಾಧನೆಗೆ ಕೊಟ್ಟ ಬೆಲೆಯನ್ನು ಮರೆತು ಹೊಗಳುವುದು ನ್ಯಾಯವಲ್ಲ. ಪತಿಯು ವಿದೇಶದಲ್ಲಿದ್ದ ವರ್ಷಗಳಲ್ಲಿ ರಮಾಬಾಯಿಯವರು ಮುಂಬಯಿಯಲ್ಲಿ ಕಡುಬಡತನದಿಂದ ಸಂಸಾರವನ್ನು ಸಾಗಿಸಿದರು. ಹೆತ್ತ ಐದು ಮಕ್ಕಳಲ್ಲಿ ನಾಲ್ಕು ಮಕ್ಕಳು ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡುವು. 1935ರಲ್ಲಿ ಆಕೆಯೂ ಕಣ್ಮುಚ್ಚಿದರು. 1940ರಲ್ಲಿ ಪ್ರಕಟವಾದ ತಮ್ಮ ಗ್ರಂಥವೊಂದನ್ನು ಅಂಬೇಡಕರರು ಆಕೆಯ ನೆನಪಿಗೆ ಅರ್ಪಿಸಿದರು. ಸಂಸಾರದಂತೆಯೇ ಸಾರ್ವಜನಿಕ ಕಾರ್ಯಕ್ಕೂ ಹಾನಿಯಾಯಿತು. ಬೇರೆಯವರ ಕೈಯಲ್ಲಿ ಬಿಟ್ಟುಹೋಗಿದ್ದ 'ಮೂಕನಾಯಕ'ವು ಸೊರಗಿ, 1923ರ ವೇಳೆಗೆ ನಿಂತೇ ಹೋಯಿತು. ಧುರೀಣನು ಓದಲು ಹೋದರೆ ಜನರ ಕೆಲಸ ನಿಲ್ಲುವುದೆಂಬ ಆಕ್ಷೇಪಣೆಯು ಈ ಮಟ್ಟಿಗೆ ಸರಿಯಾದುದೇ. ಆದರೆ ಒಬ್ಬನು ದೂರ ಹೋದರೆ ನಿಂತುಬಿಡುವ ಕೆಲಸಕ್ಕೆ ಇನ್ನೂ ಬುಡ ಬಲಿತಿಲ್ಲವೆಂಬುದೂ ಅದರಿಂದಲೇ ತಿಳಿಯಿತು. ಮರಳಿ ಬಂದ ಅಂಬೇಡಕರರು ಮೊದಲು ಕೈಯಿಕ್ಕಿದುದು ಪತ್ರಿಕೆಗಲ್ಲ, ಸಂಸ್ಥೆಗೆ. 1924ರ ಜುಲೈಯಲ್ಲಿ ಬಹಿಷ್ಕೃತ ಹಿತಕಾರಿಣೀ ಸಭೆಯು ಸ್ಥಾಪಿತವಾಯಿತು. ವಿದ್ಯೆ, ಹೋರಾಟ, ಸಂಘಟನೆ ಎಂಬ ಮೂರು ಮಾತುಗಳಲ್ಲಿ ಅದರ ಧ್ಯೇಯವಿದ್ದಿತು; ಅವುಗಳಲ್ಲಿ ವಿದ್ಯೆಗೆ ಮೊದಲನೆಯ ಸ್ಥಾನ.

ಆ ಸಭೆಯ ಮೊದಲನೆಯ ಕೆಲಸಗಳಲ್ಲಿ ವಿದ್ಯಾರ್ಥಿನಿಲಯಗಳೂ ವಾಚನಾಲಯಗಳೂ ಇದ್ದುವು. 1925ರಲ್ಲಿ, ಆಗ ಮುಂಬಯಿ ಇಲಾಖೆಗೆ ಸೇರಿದ್ದ ಬೆಳಗಾವಿ ಜಿಲ್ಲೆಯ ನಿಪ್ಪಾಣಿಯಲ್ಲಿ ಪ್ರಾಂತಿಕ ಬಹಿಷ್ಕೃತ ಪರಿಷತ್ತು ಅವರ ಅಧ್ಯಕ್ಷತೆಯಲ್ಲಿ ನೆರೆಯಿತು. ಮುಂದೆ ಅವರ ಪ್ರಯತ್ನದಿಂದ ನಡೆದ ವಿದ್ಯಾರ್ಥಿನಿಲಯಗಳಲ್ಲಿ ಧಾರವಾಡದ್ದೂ ಒಂದು. ನ್ಯೂಯಾರ್ಕಿನ ವಸತಿಗೃಹದಲ್ಲಿ ಒಬ್ಬ ತರುಣನು ಪಡೆದ ಅನುಭವವನ್ನು, ಊರಿನ ಹೊರಗೆ ಬೆಳೆದ ನೂರಾರು ಹುಡುಗರಿಗೆ ತಮ್ಮದೇ ನಾಡಿನಲ್ಲಿ ಸ್ವಲ್ಪಮಟ್ಟಿಗಾದರೂ ದೊರಕಿಸುವ ಪ್ರಯತ್ನವೆಂದು ಇವುಗಳನ್ನು ತಿಳಿಯಬಹುದು.

ವ್ಯಾಸಂಗದ ಸಂಸ್ಕಾರವು ಹೋರಾಟದಲ್ಲಿಯೂ ಕಾಣುತ್ತದೆ. 1923ರಲ್ಲಿ ಮುಂಬಯಿಯ ಶಾಸನಸಭೆಯು ಸಾರ್ವಜನಿಕ ಕೆರೆಬಾವಿಗಳನ್ನು ಎಲ್ಲರೂ ಬಳಸಬಹುದೆಂದು ನಿರ್ಣಯಿಸಿತ್ತು. ಮಹಾಡದ ಪುರಸಭೆಯು ಅದನ್ನು ಒಪ್ಪಿದ್ದಿತು. ಆದರೂ ಯಾರೂ ನೀರನ್ನು ಮುಟ್ಟಿರಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡಕರರು ಸಾವಿರಾರು ಜನರೊಡನೆ ನಡೆದು ಹೋಗಿ ಚವದಾರ ಕೆರೆಯ ನೀರನ್ನು ಕುಡಿದರು. ಕಾನೂನು ಕೊಟ್ಟ ಹಕ್ಕನ್ನು ಕೈಯಿಂದ ಎತ್ತಿಕೊಂಡ ಆ ಕ್ರಿಯೆಯ ಹಿಂದೆ ದಾಖಲೆಗಳ ಅಭ್ಯಾಸವಿತ್ತು. ಎದುರು ಪಕ್ಷದವರು ಹೂಡಿದ ವ್ಯಾಜ್ಯವು ಹತ್ತು ವರ್ಷ ನಡೆದು, 1937ರಲ್ಲಿ ಹೈಕೋರ್ಟಿನಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಪರವಾಗಿ ಮುಗಿಯಿತು. ಹತ್ತು ವರ್ಷ ಒಂದು ಕಾಗದವನ್ನು ಬೆನ್ನಟ್ಟುವ ಸಹನೆಯು ಸಭೆಯ ಚಪ್ಪಾಳೆಯಿಂದ ಬರುವುದಿಲ್ಲ; ಗ್ರಂಥಭಾಂಡಾರದ ಮೌನದಿಂದ ಬರುತ್ತದೆ. 1925ರ ಕೊನೆಯಲ್ಲಿ ನಾಣ್ಯಪದ್ಧತಿಯನ್ನು ವಿಚಾರಿಸಲು ಬಂದ ರಾಯಲ್ ಕಮಿಶನ್ನಿನ ಮುಂದೆ ಅವರು ಸಾಕ್ಷ್ಯ ಕೊಟ್ಟಾಗ ಹಳೆಯ ಮಹಾಪ್ರಬಂಧವೇ ಬೆಂಬಲವಾಯಿತು. ಪ್ರಾಂತಗಳ ಹಣಕಾಸನ್ನು ಕುರಿತ ಗ್ರಂಥವು ಅದೇ 1925ರಲ್ಲಿ ಸೆಲಿಗ್ಮನ್ನರ ಮುನ್ನುಡಿಯೊಡನೆ ಪ್ರಕಟವಾಗಿ, 1927ರಲ್ಲಿ ಕೊಲಂಬಿಯಾದ ಡಾಕ್ಟರ್ ಪದವಿಯು ದೊರೆಯಿತು. ಆ ಗ್ರಂಥವನ್ನು ಅವರು ತಮ್ಮನ್ನು ಓದಿಸಿದ ಸಯಾಜಿರಾವ್ ಮಹಾರಾಜರಿಗೆ ಕೃತಜ್ಞತೆಯಿಂದ ಅರ್ಪಿಸಿದರು. 1947ರ ಆಗಸ್ಟ್ 29ರಂದು ರಾಜ್ಯಾಂಗದ ಕರಡನ್ನು ಸಿದ್ಧಪಡಿಸುವ ಸಮಿತಿಯು ರಚಿತವಾದಾಗ ಅದರ ಅಧ್ಯಕ್ಷತೆಯು ಇವರಿಗೇ ಬಂದುದು ಆಶ್ಚರ್ಯವಲ್ಲ. ಕೇಂದ್ರಕ್ಕೂ ಪ್ರಾಂತಗಳಿಗೂ ಇರಬೇಕಾದ ಸಂಬಂಧವನ್ನು ಹಣಕಾಸಿನ ಲೆಕ್ಕದಿಂದ ಹಿಡಿದು ಅಭ್ಯಸಿಸಿದವರು ಆ ಸಭೆಯಲ್ಲಿ ವಿರಳವಾಗಿದ್ದರು.

ಇಷ್ಟರಿಂದ ಪದವಿಯೇ ಧುರೀಣತ್ವವನ್ನು ಕೊಡುವುದೆಂದು ತಿಳಿಯಬಾರದು. ಅದೇ ವಿಶ್ವವಿದ್ಯಾಲಯಗಳಲ್ಲಿ ಅದೇ ಪದವಿಗಳನ್ನು ಪಡೆದು, ಒಳ್ಳೆಯ ಸಂಬಳದಲ್ಲಿ ಬಾಳಿ ಹೋದವರು ಅನೇಕರು. ಬಡೋದೆಯ ಆ ಸಂಜೆಯಿಲ್ಲದಿದ್ದರೆ ವಿದ್ಯೆಯು ಬರಿಯ ಪಾಂಡಿತ್ಯವಾಗಿ ಉಳಿಯುತ್ತಿತ್ತೋ ಏನೋ. ವಿದ್ಯೆಯಿಲ್ಲದಿದ್ದರೆ ಆ ಸಂಜೆಯು ಬರಿಯ ಕಹಿಯಾಗಿ ಉಳಿಯುತ್ತಿತ್ತು. ಎರಡೂ ಒಂದೇ ಎದೆಯಲ್ಲಿ ಕೂಡಿದುದರಿಂದ ಧುರೀಣನಾದನು. ಹೊತ್ತನ್ನು ಅರಿಯುವುದು, ನೋವಿನ ಕಾರಣವನ್ನು ಶಾಂತಚಿತ್ತದಿಂದ ಹುಡುಕುವುದು, ಹೋದುದನ್ನು ಮತ್ತೆ ಮೊದಲಿನಿಂದ ಕಟ್ಟುವುದು, ತಿದ್ದುಪಡಿಗೆ ತಲೆಬಾಗಿಯೂ ಸತ್ಯವನ್ನು ಬಿಡದಿರುವುದು, ಪಡೆದುದನ್ನು ಋಣವೆಂದು ತಿಳಿಯುವುದು ಎಂಬ ಈ ಗುಣಗಳಿಗೆ ಯಾವ ವಿಶ್ವವಿದ್ಯಾಲಯವೂ ಪರೀಕ್ಷೆಯಿಟ್ಟಿಲ್ಲ. ಆದರೂ ಉನ್ನತ ವ್ಯಾಸಂಗವನ್ನು ಮನಸ್ಸಿಟ್ಟು ಮಾಡಿದವನಿಗೆ ಅವು ಪದವಿಯ ಜೊತೆಯಲ್ಲಿಯೇ ಸಿದ್ಧಿಸುವುದುಂಟು. ಮನೆಯಲ್ಲಿ ಓದುವ ಮಕ್ಕಳುಳ್ಳ ತಾಯಿತಂದೆಗಳು ಅಂಕಗಳನ್ನು ಕೇಳುವಾಗ ಇವುಗಳನ್ನೂ ಕೇಳಿಕೊಂಡರೆ ಒಳ್ಳೆಯದು.

1952ರ ಜೂನ್ ತಿಂಗಳಿನಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯವು ಅಂಬೇಡಕರರಿಗೆ ಗೌರವ ಡಾಕ್ಟರ್ ಪದವಿಯನ್ನು ಕೊಟ್ಟಿತು. ಅದನ್ನು ಸ್ವೀಕರಿಸುವುದಕ್ಕಾಗಿ ಅವರು ನ್ಯೂಯಾರ್ಕಿಗೆ ಹೋಗಿದ್ದ ದಿನಗಳಲ್ಲಿಯೇ, ಜೂನ್ 1ರಂದು, ಅವರ ಗುರು ಜಾನ್ ಡ್ಯೂಯಿಯವರು ತೊಂಬತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡರು. ಗುರುವಿನ ದರ್ಶನವಾಗಲಿಲ್ಲ. ತಮ್ಮ ಬುದ್ಧಿಜೀವನವೆಲ್ಲ ಆ ಒಬ್ಬರಿಗೆ ಋಣಿಯೆಂದು ಅವರು ಮನೆಗೆ ಪತ್ರ ಬರೆದರು. ಒಂದು ದೇಶದ ರಾಜ್ಯಾಂಗಕ್ಕೆ ರೂಪಕೊಟ್ಟ ಅರವತ್ತೊಂದು ವರ್ಷದ ಮುಂದಾಳು ಆ ಹೊತ್ತಿನಲ್ಲಿ ಮತ್ತೆ ಶಿಷ್ಯನಾಗಿದ್ದನು.